ಸೋಲಿಸಿ ಉಳಿಸಿಕೊಂಡ ಡಾಕ್ಟರು

ರೋಗಿಯ ಹೊಟ್ಟೆ ಮುಟ್ಟುವ ಮೊದಲು ಡಾಕ್ಟರರು ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ದೊಡ್ಡ ಕೈಗಳು, ಉಗುರಿನ ಸುತ್ತ ಅಯೋಡಿನ್ನಿನ ಕಂದು ಕಲೆ. “ತಣ್ಣಗಿನ ಕೈ ಮುಟ್ಟಿದ್ರೆ ಹೊಟ್ಟೆ ಸುಳ್ಳು ಹೇಳ್ತದೆ” ಎನ್ನುವುದು ಅವರ ಮಾತು. ಚುನಾವಣೆಗೆ ನಿಂತು ಓಟು ಕೇಳಲು ಅಂಗಳಕ್ಕೆ ಬಂದಾಗ, ಕೈ ಮುಗಿಯುವ ಮೊದಲೂ ಅವರು ಹಾಗೆಯೇ ಉಜ್ಜಿಕೊಂಡರು. ಪಕ್ಕದ ಮನೆಯ ಅಜ್ಜಿ ಗಾಬರಿಯಾಗಿ, ತಮಗೆ ಎಂತದೂ ತೊಂದರೆ ಇಲ್ಲವೆಂದು ಹೇಳಿ ಒಳಗೆ ನಡೆದರು.

ಕಡಬದ ಪೇಟೆಯಲ್ಲಿ ನಮ್ಮ ಮನೆಗೆ ತಾಗಿಯೇ ಅವರ ಔಷಧಿಯ ಕೋಣೆ. ಸುತ್ತಲಿನ ಎಷ್ಟೋ ಊರುಗಳಿಗೆ ಇದ್ದದ್ದು ಅವರೊಬ್ಬರೇ. ಆದರೆ ಮಳೆಗಾಲದಲ್ಲಿ ಹೊಳೆ ತುಂಬಿ, ದಾಟಿಸುವ ಕಡವಿನ ದೋಣಿ ನಿಂತರೆ ಆಚೆ ದಡದವರಿಗೆ ಅವರೂ ಇಲ್ಲ. ಬಸುರಿಯರು, ಬಾಣಂತಿಯರು ಸಾಯುತ್ತಿದ್ದದ್ದು ಆ ದಿನಗಳಲ್ಲೇ. ಆಚೆ ದಡದಲ್ಲಿ ಒಂದು ಹೆರಿಗೆ ಕೋಣೆ, ಅಲ್ಲೇ ಉಳಿಯುವ ಒಬ್ಬ ನರ್ಸು, ಇಷ್ಟೇ ಅವರು ಕೇಳುತ್ತಿದ್ದದ್ದು. ಮದ್ರಾಸಿಗೆ ಬರೆದರು, ಉತ್ತರವಿಲ್ಲ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೆಂಗಳೂರಿಗೆ ಬರೆದರು, ಅಲ್ಲಿಂದಲೂ ಇಲ್ಲ. ಕೊನೆಗೆ, ಕೇಳುವವನಾಗಿ ಹೊರಗೆ ನಿಂತದ್ದು ಸಾಕು, ಕೊಡುವವರ ನಡುವೆ ಹೋಗಿ ಕೂರುತ್ತೇನೆ ಎಂದು ವಿಧಾನಸಭೆಗೆ ನಿಂತೇಬಿಟ್ಟರು, ಯಾವ ಪಕ್ಷವೂ ಇಲ್ಲದೆ.

ಓಟು ಕೇಳುವ ವಿದ್ಯೆ ಮಾತ್ರ ಅವರಿಗೆ ಒಲಿದಿರಲಿಲ್ಲ. ಬಾಯಿಮಾತಿನಲ್ಲೇ ಸೇತುವೆ ಕಟ್ಟಿ ಹೋಗುವವರ ನಡುವೆ ಇವರು ಯಾವುದಕ್ಕೂ “ನೋಡುವ” ಎನ್ನುತ್ತಿದ್ದರು. ಹೋದ ಮನೆಯಲ್ಲೆಲ್ಲ ಒಂದು ಕೆಮ್ಮೋ ಒಂದು ಕುರುವೋ ಅವರಿಗಾಗಿ ಕಾದಿರುತ್ತಿತ್ತು. ಅದನ್ನು ನೋಡಿ ಮುಗಿಸುವಷ್ಟರಲ್ಲಿ ಬಂದ ಕೆಲಸವೇ ಮರೆತುಹೋಗುತ್ತಿತ್ತು. ಎದುರಾಳಿ ಭಾಷಣ ಮಾಡಿ ಮಾಡಿ ಗಂಟಲು ಕಟ್ಟಿಹೋಗಿ ಇವರ ಬಳಿಗೇ ಬಂದಾಗ, ಬಾಯಿ ಮುಕ್ಕಳಿಸಲು ಔಷಧಿ ಕೊಟ್ಟು ಕಳಿಸಿದರು. ಆತ ಸವಣೂರಿನ ಸಭೆಯಲ್ಲಿ ಗಂಟೆಗಟ್ಟಲೆ ಗುಡುಗಿದನಂತೆ. ಔಷಧಿ ಚೆನ್ನಾಗಿ ಹಿಡಿದಿದೆ ಎಂದು ಇವರಿಗೆ ಖುಷಿ.

ಅವರ ವಿರುದ್ಧ ಎದುರಾಳಿಗಿಂತ ಜೋರಾಗಿ ಪ್ರಚಾರ ಮಾಡಿದವರು ನನ್ನ ಅಮ್ಮ. ಅದೂ ದ್ವೇಷದಿಂದಲ್ಲ, ಪ್ರೀತಿಯಿಂದ. ಗೆದ್ದರೆ ಡಾಕ್ಟರರು ಬೆಂಗಳೂರಿಗೆ ಹೋಗುತ್ತಾರೆ, ಆಮೇಲೆ ನಮಗೆ ಜ್ವರ ಬಂದರೆ ಯಾರ ಬಾಗಿಲು ಬಡಿಯುವುದು ಎಂದು ಮನೆಮನೆಗೆ ಹೋಗಿ ಕೇಳಿದರು. ಊರಿಗೆ ಅದು ಸರಿಯೆಂದೇ ತೋರಿತು. ನಮ್ಮವರಿಗೆ ಕದ್ದುಮುಚ್ಚಿ ಮಾಡಿ ಗೊತ್ತಿಲ್ಲ; ಔಷಧಿಗೆ ಬಂದವರು ಶೀಶೆ ಚಾಚಿಕೊಂಡೇ, ಈ ಸಲ ಓಟಿಲ್ಲವೆಂದು ಅವರಿಗೆ ಹೇಳಿ ಹೋಗುತ್ತಿದ್ದರು. ಜೀನಸಿನ ಅಂಗಡಿ ನಡೆಸುತ್ತಿದ್ದ ಬ್ಯಾರಿಯವರಂತೂ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು: “ಬೇಜಾರು ಮಾಡ್ಬೇಡಿ ಡಾಕ್ಟ್ರೆ, ನಿಮ್ಮ ಪೆಟ್ಟಿಗೆಗೆ ನಾನು ಹಾಕುದಿಲ್ಲ. ನೀವು ನಮಗೆ ಬೇಕು.”

“ಹಾಗಾದ್ರೆ ನಾನು ಕೆಟ್ಟ ಡಾಕ್ಟರಾಗಿದ್ರೆ ಗೆಲ್ತಿದ್ದೆ” ಎಂದು ಅವರು ನಕ್ಕರು.

ಹೀನಾಯವಾಗಿ ಸೋತರು. ಮಾರನೆಯ ದಿನ ಬಾಳೆಗೊನೆ, ಜೇನು, ಹಲಸಿನ ಹಪ್ಪಳ ಹಿಡಿದುಕೊಂಡು ಊರೇ ಅವರ ಜಗಲಿಗೆ ಬಂತು. ಸೋತವರ ಮನೆಯಲ್ಲಿ ಅಂಥ ಸಂಭ್ರಮವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಎಲ್ಲರೂ ಹೋದ ಮೇಲೆ ಅವರು ಅಮ್ಮನೊಡನೆ ಒಂದೇ ಮಾತು ಆಡಿದರು: “ನಿಮಗೆಲ್ಲ ನಾನು ಬೇಕು. ನಾನು ಹೇಳಿದ್ದು ಬೇಡ.” ಅಮ್ಮನಿಗೆ ಆಗ ಅದು ಅರ್ಥವಾಗಲಿಲ್ಲ.

ಅದೇ ಮಳೆಗಾಲದಲ್ಲಿ ಅಕ್ಕನಿಗೆ ನೋವು ಬಂತು. ಅವಳನ್ನು ಆಚೆ ದಡಕ್ಕೆ ಕೊಟ್ಟಿದ್ದರು. ಚೊಚ್ಚಲು ತವರಿನಲ್ಲಿ ಸುಸೂತ್ರವಾಗಿ ಆಗಿತ್ತು, ಎರಡನೆಯದು ಗಂಡನ ಮನೆಯಲ್ಲಿ. ಮಗು ಅಡ್ಡ ಬಂದಿದೆ ಎಂದು ಭಾವ ಆಚೆ ದಡದಿಂದ ಕೂಗಿದ್ದು ಹೊಳೆಯ ಸದ್ದಿನ ನಡುವೆ ಹೇಗೋ ನಮಗೆ ಕೇಳಿಸಿತು. ಡಾಕ್ಟರರು ಚೀಲ ಹಿಡಿದು ಓಡಿ ಬಂದರು. ಕಡವಿನವನು ದೋಣಿ ಬಿಚ್ಚಲು ಒಪ್ಪಲಿಲ್ಲ. ಮರಗಳೇ ಬುಡಸಮೇತ ತೇಲಿ ಬರುತ್ತಿದ್ದವು. ಡಾಕ್ಟರರು ತಾವೇ ದೋಣಿಗೆ ಇಳಿಯಲು ಹೋದಾಗ ಅವನು ಅವರನ್ನು ಸೊಂಟಕ್ಕೆ ಕೈಹಾಕಿ ಹಿಡಿದುಕೊಂಡ. ಹಗಲಿಡೀ ಅವರು, ಅಮ್ಮ, ನಾನು ಅಲ್ಲೇ ನಿಂತಿದ್ದೆವು. ಆಚೆಯಿಂದ ಭಾವ ಹೆಗಲ ಮೇಲಿನ ಬೈರಾಸು ಬೀಸಿ ಕರೆಯುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ಬೀಸುವುದನ್ನು ನಿಲ್ಲಿಸಿ ನೆಲದ ಮೇಲೆ ಕೂತರು.

ಅಕ್ಕನ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಅಮ್ಮ ಡಾಕ್ಟರರ ಜಗಲಿಗೆ ಹೋಗಿ ಕೂತರು. ಬಯ್ಯಿಸಿಕೊಳ್ಳಲೆಂದೇ ಹೋಗಿದ್ದರೋ ಏನೋ. ಅವರು ಬಯ್ಯಲಿಲ್ಲ, ಹಳೆಯ ಮಾತನ್ನೂ ಎತ್ತಲಿಲ್ಲ. ಕೊನೆಗೆ ಅಮ್ಮನೇ ಬಾಯಿಬಿಟ್ಟರು: “ನಿಮ್ಮನ್ನು ಇಲ್ಲೇ ಇಟ್ಕೊಂಡೆವು ಡಾಕ್ಟ್ರೆ. ಇದ್ದೂ ಈಚೆ ದಡದಲ್ಲೇ ಉಳಿದ್ರಿ.”

ತಾಲೂಕು ಬೋರ್ಡಿನ ಚುನಾವಣೆ ಬಂದಾಗ ಅವರಿಗೆ ನಿಲ್ಲುವ ಮನಸ್ಸೇ ಇರಲಿಲ್ಲ. ಅಮ್ಮ ಬಿಡಲಿಲ್ಲ. ಹಿಂದೆ ಹತ್ತಿದ ಜಗಲಿಗಳನ್ನೇ ಮತ್ತೆ ಹತ್ತಿ, ಅಂದು ಹಾಕಬೇಡಿ ಎಂದವಳು ನಾನೇ, ಇಂದು ಹಾಕಿ ಎನ್ನುವವಳೂ ನಾನೇ ಎಂದರು. ಮಗಳನ್ನು ಕಳೆದುಕೊಂಡವಳ ಎದುರು ಯಾರೂ ವಾದಕ್ಕೆ ನಿಲ್ಲಲಿಲ್ಲ. ಡಾಕ್ಟರರು ಗೆದ್ದರು. ಪುತ್ತೂರಿನ ಮೀಟಿಂಗುಗಳಲ್ಲಿ ಅವರ ಮಾತು ಯಾವಾಗಲೂ ಒಂದೇ: ಆಚೆ ದಡದ ಹೆರಿಗೆ ಕೋಣೆ. ಅದನ್ನು ಕೇಳಿ ಕೇಳಿ ಬೇಸತ್ತೇ ಬೋರ್ಡಿನವರು ಕೋಣೆ ಕಟ್ಟಿಸಿ, ನರ್ಸನ್ನೂ ಕೊಟ್ಟರು ಎಂದು ಜನ ತಮಾಷೆ ಮಾಡುತ್ತಿದ್ದರು. ಮೀಟಿಂಗಿನ ದಿನ ಔಷಧಿಯ ಕೋಣೆಗೆ ಬೀಗ. ಬಂದವರು ಗೊಣಗದೆ ಜಗಲಿಯಲ್ಲಿ ಕಾಯುವುದನ್ನು ಕಲಿತರು.

ನನ್ನನ್ನೂ ಆಚೆ ದಡಕ್ಕೇ ಕೊಟ್ಟರು. ಎರಡನೆಯ ಮಗ ಹುಟ್ಟಿದ್ದು ಆ ಕೋಣೆಯಲ್ಲಿ, ಹೊಳೆ ತುಂಬಿ ದೋಣಿ ನಿಂತ ದಿನ. ನನಗೂ ಕಷ್ಟದ ಹೆರಿಗೆಯೇ. ನರ್ಸಮ್ಮ ಇರದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ನೀರಿಳಿದು ಸುದ್ದಿ ಮುಟ್ಟಿದೊಡನೆ ಅಮ್ಮ ಡಾಕ್ಟರರ ಬಳಿಗೆ ಓಡಿದರಂತೆ.

“ನನ್ನನ್ನು ಕರೀಲೇ ಇಲ್ವಾ?” ಎಂದು ಅವರು ಕೇಳಿದರಂತೆ.

“ಬೇಕಾಗ್ಲಿಲ್ಲ ಡಾಕ್ಟ್ರೆ.”

ಆ ದಿನವಿಡೀ ಬಂದವರಿಗೆಲ್ಲ ಅವರು ಹೇಳಿದ್ದು ಅದೊಂದೇ ಸಂಗತಿ: ನನ್ನನ್ನು ಕರೆಯಲೇ ಇಲ್ಲವಂತೆ.

ಕೆಲವು ವರ್ಷಗಳ ಬಳಿಕ, ಆಟಿ ತಿಂಗಳ ಜಡಿಮಳೆಯಲ್ಲಿ ಅವರು ತೀರಿಕೊಂಡರು. ಹೊಳೆ ದಾಟುವ ಹಾಗಿರಲಿಲ್ಲ. ನನ್ನ ಜೀವ, ಮಗನ ಜೀವ ಎರಡೂ ಅವರು ಕೊಟ್ಟದ್ದು, ಕೊನೆಯ ಸಲ ಮುಖ ನೋಡುವುದೂ ಆಗಲಿಲ್ಲವಲ್ಲ ಎಂದು ಅಳುತ್ತಾ ಕಡವಿಗೆ ಹೋದೆ. ಆಚೆ ದಡದ ಊರಿಗೆ ಊರೇ ಬಂದು ಕಡಬದ ಕಡೆ ನೋಡುತ್ತಾ ನಿಂತಿತ್ತು. ನರ್ಸಮ್ಮ ಮಾತ್ರ ಬಂದಿರಲಿಲ್ಲ. ಕೋಣೆಯಲ್ಲಿ ಯಾರಿಗೋ ನೋವು ಶುರುವಾಗಿತ್ತು.