ಚರ್ಚಾಕೂಟದ ಬೀಗದಕೈ ಮಾರ್ಲಿಸ್

ಮುಂದೆ ಬರೆದಿರುವುದೆಲ್ಲ ನಿಜ. ಇದರಲ್ಲಿ ಒಂದೇ ಒಂದು ಸುಳ್ಳಿದೆ. ಅದನ್ನು ಹೇಳಿದವರು ಮಾರ್ಲಿಸ್ ಹಾಪಲ. ನಾನು ಬರೆದುಕೊಂಡವ, ಅಷ್ಟೇ.

ಜನವರಿಯ ಶನಿವಾರ, ಇನ್ನೂ ಬೆಳಕು ಹರಿದಿಲ್ಲ. ಉತ್ತರ ಮಿನೆಸೋಟದ ಎಂಬರ್ ಲೇಕ್ ಊರಿನ ಹೈಸ್ಕೂಲಿನ ಹಿಂಬಾಗಿಲಲ್ಲಿ ಮಾರ್ಲಿಸ್ ಕೈಗವಸನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಾರೆ. ಬೀಗದಕೈ ಗೊಂಚಲಿನಲ್ಲಿ ಬೇಕಾದದ್ದನ್ನು ಬೆರಳೇ ಹುಡುಕುತ್ತದೆ, ಕಣ್ಣಿಗೆ ಕೆಲಸವಿಲ್ಲ. ಮೂಗಿನೊಳಗಿನ ಕೂದಲೂ ಸೆಟೆದು ನಿಲ್ಲುವ ಚಳಿ. ಒಳಗೆ ಹೋದವರೇ ಮೊದಲು ನೆಲಮಾಳಿಗೆಗಿಳಿದು ಬಾಯ್ಲರಿಗೆ ಬೂಟಿನಿಂದ ಒಂದು ಒದೆ ಕೊಡುತ್ತಾರೆ. ಅದು ಕೆಮ್ಮಿ, ಗೊಣಗಿ, ಕೊನೆಗೆ ಉರಿಯತೊಡಗುತ್ತದೆ.

"ಶನಿವಾರ ಇದಕ್ಕೂ ರಜ ಬೇಕಂತೆ," ಎನ್ನುತ್ತಾರೆ ಮಾರ್ಲಿಸ್. "ನಂಗೇ ಇಲ್ಲ, ಇದಕ್ಕೆಲ್ಲಿಂದ ಕೊಡ್ಲಿ?"

ಶಾಲೆಯ ಸಂಬಳಪಟ್ಟಿಯಲ್ಲಿ ಅವರು ಜಾಡಮಾಲಿ. ಗುಡಿಸುವುದು, ಒರೆಸುವುದು, ಹಿಮ ಸರಿಸುವುದು, ಹುಡುಗರು ತುರುಕಿದ ಕಾಗದದಿಂದ ಕಟ್ಟಿಕೊಂಡ ಕೊಳವೆ ಬಿಡಿಸುವುದು. ಪಟ್ಟಿಯಲ್ಲಿಲ್ಲದ ಕೆಲಸ ಇನ್ನೊಂದಿದೆ. ಸುತ್ತಲಿನ ಹದಿನಾರು ಶಾಲೆಗಳ ಮಕ್ಕಳು ಸೇರುವ ಚಳಿಗಾಲದ ಚರ್ಚಾಕೂಟವನ್ನು ಒಂಬತ್ತು ವರ್ಷಗಳಿಂದ ನಡೆಸುತ್ತಿರುವವರು ಅವರೇ. ಚರ್ಚೆ ಕಲಿಸುತ್ತಿದ್ದ ಮೇಷ್ಟ್ರು ನಿವೃತ್ತರಾದಾಗ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮೇಷ್ಟ್ರಿಲ್ಲದ ಮೇಲೆ ಕೂಟ ಹೇಗೆ ನಡೆಯುತ್ತದೆ ಎಂದು ಶಾಲಾ ಮಂಡಳಿ ಕೈ ಚೆಲ್ಲಿತು.

"ಬಾಗಿಲು ತೆಗೆಯೋಳು ನಾನು, ಕುರ್ಚಿ ಹಾಕೋಳು ನಾನು. ಮಿಕ್ಕಿದ್ದು ಮಾತು ತಾನೇ ಅಂದೆ. ಅದನ್ನ ಮಕ್ಕಳೇ ಆಡ್ತಾರೆ. ನೀವೇನೂ ಮಾಡ್ಬೇಡಿ, ಅದೇ ದೊಡ್ಡ ಉಪಕಾರ ಅಂದೆ."

ಹೇಳುತ್ತಲೇ ನೂರಾಹದಿನಾಲ್ಕನೇ ಕೋಣೆಯಲ್ಲಿ ಎರಡು ಮೇಜುಗಳನ್ನು ಎಳೆಯುತ್ತಾರೆ. ಎರಡೂ ಪಕ್ಕಪಕ್ಕ, ಒಂದೇ ದಿಕ್ಕಿಗೆ ಮುಖ.

"ಎದುರುಬದುರು ಕೂರಿಸ್ಬಾರ್ದು. ಒಬ್ರ ಮೂತಿ ಒಬ್ರು ನೋಡಿದ್ರೆ ಜಗಳಕ್ಕಿಳೀತಾರೆ. ಇಬ್ರೂ ಜಡ್ಜ್ ಕಡೆ ನೋಡ್ಬೇಕು. ಗೆಲ್ಲಬೇಕಾಗಿರೋದು ಅಲ್ಲಿ." ಜಡ್ಜ್ ಕುರ್ಚಿಯನ್ನು ಹೀಟರಿನಿಂದ ದೂರ ಒಯ್ಯುತ್ತಾರೆ. "ಬಿಸಿ ತಾಗಿದ್ರೆ ತೂಕಡಿಸ್ತಾರೆ. ಆಮೇಲೆ ಎಲ್ಲಾರ್ಗೂ ಒಂದೇ ಮಾರ್ಕು."

ಕೂಟಕ್ಕೆ ಬೇಕಾದದ್ದು ಬಹಳವಲ್ಲ. ಬೀಗ ತೆಗೆದ ಕೋಣೆಗಳು, ಗೋಡೆಗೆ ಅಂಟಿಸಲು ಯಾರಿಗೆ ಯಾರು ಎದುರು ಎಂಬ ಹಾಳೆ, ಮಾತಿನ ವೇಳೆ ಅಳೆಯಲು ಗಡಿಯಾರ, ಹಸಿದವರಿಗೆ ಡೋನಟ್. ಪ್ರತಿ ಸುತ್ತಿಗೂ ಮುಂಚೆ ನಾಣ್ಯ ಚಿಮ್ಮುತ್ತದೆ. ಯಾರು ಪರ, ಯಾರು ವಿರೋಧ ಎಂಬುದು ಅದರ ಕೈಯಲ್ಲಿ. ಬೆಳಗ್ಗೆ ಪರ ಮಾತಾಡಿದವಳು ಊಟ ಮುಗಿಸಿ ಅದರ ವಿರುದ್ಧವೇ ಗುಡುಗುತ್ತಾಳೆ. ಮೊದಲು ಭಾಷಣ, ಆಮೇಲೆ ಪಾಟೀಸವಾಲು, ಕೊನೆಗೆ ಒಬ್ಬರ ಮಾತನ್ನು ಇನ್ನೊಬ್ಬರು ಕೆಡವುವುದು. ಸುಲಭಕ್ಕೆ ಸಿಗದ್ದು ಒಂದೇ, ತೀರ್ಪುಗಾರರು. ಹಾಗಾಗಿ ಬರುವ ಪ್ರತಿ ಶಾಲೆಯೂ ತನ್ನ ಪಾಲಿನ ತೀರ್ಪುಗಾರರನ್ನು ಕರೆತರಬೇಕು. ಯಾರದೋ ಅಮ್ಮ, ನಿವೃತ್ತ ನರ್ಸ್, ಅದೂ ಸಾಲದಿದ್ದರೆ ಬಸ್ ಓಡಿಸಿಕೊಂಡು ಬಂದವರೇ. ತಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಅಂಕ ಕೊಡುವಂತಿಲ್ಲ.

"ಮಾತಾಡೋ ಮಕ್ಕಳು ರಾಶಿ ಸಿಗ್ತಾರೆ," ಎನ್ನುತ್ತಾರೆ ಮಾರ್ಲಿಸ್. "ಬಾಯಿ ಮುಚ್ಕೊಂಡು ಕೇಳೋ ದೊಡ್ಡೋರನ್ನ ತೋರ್ಸಿ ನೋಡೋಣ."

ಈ ಸಲದ ಕೂಟದ ಮೇಲೆ ಕತ್ತಿ ತೂಗುತ್ತಿದೆ. ಚರ್ಚೆಯ ವಿಷಯ ಇದು: ಸರೋವರಗಳ ದಂಡೆಯಲ್ಲಿ ತಾಮ್ರದ ಗಣಿಗೆ ರಾಜ್ಯ ಅನುಮತಿ ಕೊಡಬಾರದು. ಎಂಬರ್ ಲೇಕಿನಲ್ಲಿ ಗಣಿ ಎಂದರೆ ಅಣ್ಣತಮ್ಮಂದಿರು ಬೇರೆ ಬೇರೆ ಚರ್ಚಿಗೆ ಹೋಗುವಂಥ ಮಾತು. ಪ್ರತಿ ಮನೆಯ ಮುಂದೆಯೂ ಹಿಮದಲ್ಲಿ ನೆಟ್ಟ ಫಲಕ; ಒಂದರಲ್ಲಿ ಗಣಿ ಬೇಕು, ಪಕ್ಕದ್ದರಲ್ಲಿ ಬೇಡ. ಡಿಸೆಂಬರಿನ ಒಂದು ಕೂಟದಲ್ಲಿ ನಾಣ್ಯ ಹೇಳಿದಂತೆ ಗಣಿಯ ವಿರುದ್ಧ ಮಾತಾಡಿದ ಊರಿನ ಹುಡುಗನೊಬ್ಬನ ವೀಡಿಯೊ ಅವನ ಅಜ್ಜನ ಫೋನಿಗೇ ಬಂತು. ಆ ಅಜ್ಜ ಗಣಿಯಲ್ಲಿ ಬಾಳು ಸವೆಸಿದವರು. ಅಲ್ಲಿಂದ ಶುರುವಾದ ವಾದ ವಿವಾದವಾಯಿತು. ಈಗ ಚರ್ಚಾ ತಂಡವನ್ನೇ ಮುಚ್ಚಿಬಿಡುವ ನಿರ್ಣಯ ಸೋಮವಾರ ಮಂಡಳಿಯ ಮುಂದೆ ಬರಲಿದೆ.

ಪ್ರಿನ್ಸಿಪಾಲರು ಒಂದು ದಾರಿ ಸೂಚಿಸಿದ್ದರು: ವಿಷಯ ಬದಲಾಯಿಸಿ, ಶಾಲೆಯ ಊಟಕ್ಕೆ ದಿನಾ ಪಿಜ್ಜಾ ಇರಬೇಕೇ ಅಂತ ಇಡಿ.

"ಪಿಜ್ಜಾ ವಿಷ್ಯದಲ್ಲಿ ಈ ಊರಲ್ಲಿ ಎರಡು ಅಭಿಪ್ರಾಯ ಎಲ್ಲಿದೆ ಸಾರ್?" ಎಂದು ಮಾರ್ಲಿಸ್ ಕೇಳಿದರಂತೆ. "ಜಗಳ ಇರೋ ಕಡೇನೇ ಚರ್ಚೆ ಬೇಕಾಗಿರೋದು. ನೆಲ ಒಣಗಿರೋ ಕಡೆ ನಾನು ಒರೆಸಕ್ಕೆ ಹೋಗ್ತೀನಾ?"

ಅವರ ಗಂಡನೂ ಸಾಯುವವರೆಗೆ ಗಣಿಯಲ್ಲೇ ದುಡಿದವರು. ಹಾಗಾದರೆ ನೀವು ಯಾವ ಕಡೆ ಎಂದು ಕೇಳಿದರೆ ಹೊರಗಿನ ಪಾರ್ಕಿಂಗ್ ತೋರಿಸುತ್ತಾರೆ. "ನನ್ನ ಅಭಿಪ್ರಾಯ ಅಲ್ಲಿ ನನ್ನ ಟ್ರಕ್ಕಲ್ಲಿ ಕೂತಿದೆ. ಕಿಟಕಿ ಏರಿಸಿ ಬಂದಿದೀನಿ."

ಮಂಡಳಿಯಲ್ಲಿ ಏಳು ಜನ. ಮೂವರು ಮುಚ್ಚಿ ಅನ್ನುವವರು, ಮೂವರು ಬೇಡ ಅನ್ನುವವರು. ನಡುವೆ, ಇನ್ನೂ ಯಾವ ಕಡೆಗೂ ಕೈ ಎತ್ತದ ರೂಡಿ ಸ್ಟರ್ಲೆ. ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿದವರು, ಮಾರ್ಲಿಸ್‌ಗೆ ಒಂದನೇ ಕ್ಲಾಸಿನಿಂದ ಸಹಪಾಠಿ, ಗಣಿಯ ಪಕ್ಕಾ ಪಕ್ಷಪಾತಿ. ಅವರ ಪ್ರತಿ ಭಾಷಣವೂ "ನಾನು ಹೇಳೋದು ಒಂದೇ ಮಾತು" ಎಂದು ಆರಂಭವಾಗುತ್ತದೆ. ಆ ಒಂದು ಮಾತು ಮುಗಿಯುವಷ್ಟರಲ್ಲಿ ಕಾಫಿ ಆರಿ, ಮತ್ತೆ ಕಾಯಿಸಿ, ಮತ್ತೆ ಆರಿರುತ್ತದೆ.

ಎರಡನೇ ಸುತ್ತು ಮುಗಿಯುವ ಹೊತ್ತಿಗೆ ರೂಡಿ ಕಿವಿಮುಚ್ಚುವ ಟೋಪಿಯಲ್ಲಿ ಬಂದೇ ಬಿಡುತ್ತಾರೆ.

"ನಾನು ಹೇಳೋದು ಒಂದೇ ಮಾತು ಮಾರ್ಲಿಸ್. ನಮ್ಮ ಕಟ್ಟಡದಲ್ಲೇ ಕೂತು ನಮ್ಮ ಅನ್ನಕ್ಕೆ ಕಲ್ಲು ಹಾಕೋದು ಹೆಂಗೆ ಅಂತ ಮಕ್ಕಳಿಗೆ ಹೇಳ್ಕೊಡೋದು..."

"ಆ ಮಾತು ಸೋಮವಾರ ಆಡು. ಈಗ ನಂಗೊಬ್ಬ ಜಡ್ಜ್ ಕಮ್ಮಿ," ಎನ್ನುತ್ತ ಮಾರ್ಲಿಸ್ ಅವರ ಕೈಗೆ ಅಂಕದ ಹಾಳೆ, ಪೆನ್ನು ತುರುಕುತ್ತಾರೆ. "ಬಸ್ ಓಡಿಸೋ ಗಾರ್ಡಿ ಜಡ್ಜ್ ಆಗ್ಬೇಕಿತ್ತು, ಅವನ ಬಸ್ಸು ಹಿಮದಲ್ಲಿ ಸಿಕ್ಕಾಕೊಂಡಿದೆಯಂತೆ. ನೂರಾಹದಿನಾಲ್ಕರಲ್ಲಿ ಎರಡು ಮಕ್ಕಳು ಕಾಯ್ತಿದಾರೆ. ಇಬ್ರೂ ನಮ್ಮೂರೋರಲ್ಲ, ಯಾರೂ ಪಕ್ಷಪಾತ ಅನ್ನಂಗಿಲ್ಲ."

"ನಾನಾ? ನಂಗೇನು ಗೊತ್ತು?"

"ಕಿವಿ ಇದೆ ತಾನೇ? ನೋಡು, ಗಣಿ ಸರೀನಾ ತಪ್ಪಾ ಅಂತ ನೀನು ತೀರ್ಪು ಕೊಡ್ಬೇಕಾಗಿಲ್ಲ. ಯಾರು ಚೆನ್ನಾಗಿ ವಾದ ಮಾಡಿದ್ರು ಅಂತ ಮಾತ್ರ. ಮೂರು ನಿಮಿಷ ಉಳಿದಿದ್ರೆ ಮೂರು ಬೆರಳು ತೋರ್ಸು, ಮುಗೀತು ಅಂದ್ರೆ ಮುಷ್ಟಿ. ಇನ್ನೊಂದು ವಿಷ್ಯ. ಜಡ್ಜ್ ಮಾತಾಡಂಗಿಲ್ಲ."

"ಎಷ್ಟು ಹೊತ್ತು?"

"ಪೂರ್ತಿ."

ಶಾಲೆಯ ಬೀಗಗಳೆಲ್ಲ ಮಾರ್ಲಿಸ್ ಕೈಯಲ್ಲಿವೆ ಎಂದು ಗೊತ್ತಿತ್ತು. ರೂಡಿಯ ಬಾಯಿಗೂ ಅವರ ಬಳಿ ಬೀಗವಿದೆ ಎಂದು ಊರಿಗೆ ಗೊತ್ತಾಗುವುದು ಆಗಲೇ.

ನಾಣ್ಯ ಚಿಮ್ಮುತ್ತದೆ. ಗಣಿ ಬೇಡ ಎನ್ನುವ ಪಾಳಿ ಬ್ರಿನ್ ಎಂಬ ಹುಡುಗಿಗೆ, ಬೇಕು ಎನ್ನುವ ಪಾಳಿ ಉದ್ದ ಕತ್ತಿನ ಡೆಸ್ಮಂಡ್‌ಗೆ. ಅವನು ಸಮಯ ಉಳಿಸಲು ಉಸಿರು ಬಿಡದೆ ಓದುವ ಜಾತಿಯವನು: "ಮಾನ್ಯತೀರ್ಪುಗಾರರೇನನ್ನಮೊದಲವಾದಉದ್ಯೋಗಎರಡನೆಯದುತೆರಿಗೆಮೂರನೆಯದು" ಎಂದು ಒಂದೇ ಏಟಿಗೆ ಹೇಳಿ ಕೊನೆಗೆ ಮುಳುಗಿ ಎದ್ದವನಂತೆ ಗಾಳಿ ಎಳೆದುಕೊಳ್ಳುತ್ತಾನೆ. ರೂಡಿ ಕತ್ತು ಮುಂದೆ ಚಾಚಿ ಕೇಳುತ್ತಾರೆ. ತಮ್ಮ ಪಕ್ಷದ ಹುಡುಗ, ಏನು ಹೇಳಿದ ಎಂದು ತಿಳಿಯುತ್ತಿಲ್ಲ.

ಪಾಟೀಸವಾಲು ಬರುತ್ತದೆ. ಬ್ರಿನ್ ಮೆಲ್ಲಗೆ ಕೇಳುತ್ತಾಳೆ: "ಗಣಿ ಮುಚ್ಚಿದ ಮೇಲೂ ಅಲ್ಲಿನ ನೀರನ್ನ ಶುದ್ಧ ಮಾಡ್ತಾನೇ ಇರಬೇಕಲ್ಲ, ಅದನ್ನ ಯಾರು ಮಾಡ್ತಾರೆ?"

ಡೆಸ್ಮಂಡ್ ಹಾಳೆ ತಿರುವುತ್ತಾನೆ. ಮತ್ತೆ ತಿರುವುತ್ತಾನೆ. ರೂಡಿಯ ಬಾಯಿ ತೆರೆದುಕೊಳ್ಳುತ್ತದೆ. ಬಾಗಿಲಿನ ಗಾಜಿನಾಚೆ ಮಾಪು ಹಿಡಿದು ನಿಂತ ಮಾರ್ಲಿಸ್ ತುಟಿಯ ಮೇಲೆ ಬೆರಳಿಡುತ್ತಾರೆ. ಬಾಯಿ ಮುಚ್ಚುತ್ತದೆ. ಕಿವಿ ಕೆಂಪಾಗುತ್ತದೆ.

ಸುತ್ತು ಮುಗಿದ ಮೇಲೆ ರೂಡಿಯ ಹಾಳೆ ಅಂಕ ಕೂಡುವ ಕೋಣೆಗೆ, ಎಂದರೆ ಮಾರ್ಲಿಸ್‌ರ ಪೊರಕೆ ಕೋಣೆಗೆ, ಬರುತ್ತದೆ. ನೋಡಿದವರೇ ಅದನ್ನು ಹಿಡಿದುಕೊಂಡು ವಾಪಸ್ ನಡೆಯುತ್ತಾರೆ.

"ರೂಡಿ, ಹುಡುಗನ್ನ ಗೆಲ್ಲಿಸಿದೀಯ. ಅಂಕ ಮಾತ್ರ ಹುಡುಗಿಗೆ ಜಾಸ್ತಿ ಕೊಟ್ಟಿದೀಯ."

"ತಪ್ಪಾ?"

"ತಪ್ಪಲ್ಲ, ನಿಯಮ ಒಪ್ಪುತ್ತೆ. ಮಾತು ಚೆನ್ನಾಗಿದ್ದು ವಾದ ಸೋಲಬಹುದು. ಆದ್ರೆ ಹಿಂಗೆ ಬಂದಾಗ ಯಾರೇ ಆಗ್ಲಿ ಕೇಳಲೇಬೇಕು, ಬೇಕಂತ ಬರೆದಿದ್ದಾ, ಕೈ ತಪ್ಪಿದ್ದಾ ಅಂತ."

"ಬೇಕಂತಲೇ."

"ಆಯ್ತು. ಕೆಳಗೆ ಕಾರಣ ಬರೀಬೇಕು, ಖಾಲಿ ಬಿಟ್ಟಿದೀಯ. ಯಾಕೆ ಸೋತೆ ಅಂತ ಆ ಮಗು ಓದ್ಕೊಂಡು ಮನೆಗೆ ಹೋಗುತ್ತೆ."

ರೂಡಿ ಪೆನ್ನು ಹಿಡಿದು ಕೂರುತ್ತಾರೆ. ಮಾರ್ಲಿಸ್ ಬೋರ್ಡ್ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಕೊನೆಗೆ ರೂಡಿ ಹುಡುಗನ ಹೆಸರಿಗೆ ಗೆರೆ ಹೊಡೆದು, ಹುಡುಗಿಯ ಹೆಸರು ಬರೆದು ಹಾಳೆ ಕೊಡುತ್ತಾರೆ. ಕಾರಣದ ಜಾಗದಲ್ಲಿ ಹೀಗಿದೆ: ಹುಡುಗಿ ಕೇಳಿದ್ದಕ್ಕೆ ಹುಡುಗ ಉತ್ತರ ಕೊಡಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಆದರೆ ಆಡುತ್ತಿದ್ದವನು ನಾನಲ್ಲ.

ಸೋಮವಾರ ಸಂಜೆ ಶಾಲೆಯ ಗ್ರಂಥಾಲಯದಲ್ಲಿ ಮಂಡಳಿ ಸೇರುತ್ತದೆ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದಾರೆ. ಗಣಿ ಬೇಕು ಅನ್ನುವವರು ಕಿಟಕಿ ಕಡೆ, ಬೇಡ ಅನ್ನುವವರು ಬಾಗಿಲ ಕಡೆ. ಮಾರ್ಲಿಸ್ ಹಿಂದೆ, ಎರಡೂ ಗುಂಪಿನ ನಡುವಿನ ಕಂಬದ ಬಳಿ.

ರೂಡಿ ಮೊದಲು ಎದ್ದು ಹೇಳುತ್ತಾರೆ: "ನಾನು ಹೇಳೋದು ಒಂದೇ ಮಾತು. ಶನಿವಾರ ಜಡ್ಜ್ ಬರ್ಲಿಲ್ಲ ಅಂತ ನನ್ನ ಕೂರಿಸಿದ್ರು. ಗಣಿ ಬೇಕು ಅಂತ ಇವತ್ತೂ ಹೇಳ್ತೀನಿ. ಆದ್ರೆ ಆ ಹುಡುಗಿ ಕೇಳ್ದಂಗೆ ನನ್ನ ಯಾರೂ ಕೇಳಿರ್ಲಿಲ್ಲ." ಕೂತುಬಿಡುತ್ತಾರೆ. ನಿಜಕ್ಕೂ ಚಿಕ್ಕ ಮಾತು. ಸಭೆಗೆ ನಂಬಿಕೆಯೇ ಬರುವುದಿಲ್ಲ.

ಆಮೇಲೆ ಊರವರ ಸರದಿ, ತಲೆಗೆ ಮೂರು ನಿಮಿಷ. ಮೈಕಿನ ಮುಂದೆ ಬಂದು ನಿಂತವರು ಬಸ್ ಓಡಿಸುವ ಗಾರ್ಡಿ. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಲಾರದ ಪುಣ್ಯಾತ್ಮ.

"ನನ್ ಬಸ್ಸು ಸಿಕ್ಕಾಕೊಂಡಿರ್ಲಿಲ್ಲ," ಎನ್ನುತ್ತಾರೆ. "ನಾನು ಎಲ್ಲಾರ್ಗಿಂತ ಮುಂಚೆ ಬಂದಿದ್ದೆ. ಮಾರ್ಲಿಸ್ ನನ್ನನ್ನ ಶಾಲೆ ಅಡುಗೆಮನೇಲಿ ಕೂರ್ಸಿ, ಅಕ್ರೋಟು ತುಂಬಿದ ಸಿಹಿ ಬ್ರೆಡ್ಡು, ಇಡೀ ಒಂದು ಪೊಟೀಟ್ಸ ಮುಂದಿಟ್ಟು, ಇದು ಮುಗಿಯೋವರ್ಗೂ ಆಚೆ ಬಂದ್ರೆ ಕಾಲು ಮುರೀತೀನಿ ಅಂದ್ಲು. ಶನಿವಾರ ರಾತ್ರಿಯಿಂದ ನಿದ್ದೆ ಬಂದಿಲ್ಲ, ಅದಕ್ಕೆ ಹೇಳ್ಬಿಟ್ಟೆ."

ಮುಚ್ಚಿ ಅನ್ನುವ ಪಕ್ಷದ ಸದಸ್ಯರೊಬ್ಬರು ಕನ್ನಡಕ ತೆಗೆದು, "ಅಂದ್ರೆ ಮಂಡಳಿ ಸದಸ್ಯರಿಗೇ ಸುಳ್ಳು ಹೇಳಿ ಕೂರಿಸಿದ್ರಾ?" ಎಂದು ಹಿಂದಕ್ಕೆ ನೋಡುತ್ತಾರೆ.

ಮಾರ್ಲಿಸ್ ಕಂಬ ಬಿಟ್ಟು ಮುಂದೆ ಬರುತ್ತಾರೆ. "ಹೌದು, ಹೇಳಿದೆ. ಜಡ್ಜ್ ಆಗು ಅಂತ ಮೊದ್ಲೇ ಕರೆದಿದ್ರೆ ಒಪ್ತಿರ್ಲಿಲ್ಲ ಅವನು. ಸುಳ್ಳು ನಂದು, ತೀರ್ಪು ಅವನ್ದು. ನನ್ನ ಕೆಲ್ಸ ತೆಗೀಬೇಕಾ, ತೆಗೀರಿ, ಬೀಗದಕೈ ಇಲ್ಲೇ ಇದೆ. ಆದ್ರೆ ಮಕ್ಕಳ ಬಾಯಿ ಮುಚ್ಸೋಕೆ ಮುಂಚೆ ನಿಮ್ಮಲ್ಲಿ ಒಬ್ರಾದ್ರೂ ಒಂದು ಸುತ್ತು ಪೂರ್ತಿ ಕೂತು ಕೇಳ್ಬೇಕಾಗಿತ್ತು. ಕೇಳ್ದೋನು ಅವನೊಬ್ನೇ. ಅವನನ್ನೇ ಕೇಳಿ."

ಎಲ್ಲರ ಕಣ್ಣೂ ರೂಡಿಯ ಮೇಲೆ. ರೂಡಿ ಗಾರ್ಡಿಯನ್ನೇ ನೋಡುತ್ತಿದ್ದಾರೆ.

"ಪೊಟೀಟ್ಸ ಮಾಡಿದ್ದು ಯಾರು?"

ಗಾರ್ಡಿ ಟೋಪಿ ಹಿಂಡುತ್ತಾರೆ. "ನಿನ್ ಹೆಂಡ್ತಿ. ಬೆಳಗ್ಗೇನೇ ತಂದ್ಕೊಟ್ಟು ಹೋದ್ಲು."

"ಅವಳೂ ಸೇರಿದ್ಲಾ ಇದ್ರಲ್ಲಿ? ಕ್ರಿಸ್ಮಸ್‌ಗೆ ಅಂತ ಕಾದ್ರೂ ನಂಗೆ ಒಂದು ಚೂರು ಸಿಗ್ಲಿಲ್ಲ. ನೀನು ಪೂರ್ತಿ ತಿಂದ್ಯಾ?"

"ಸುತ್ತು ಉದ್ದ ಇತ್ತಲ್ಲ," ಎಂದು ಗಾರ್ಡಿ ವಿವರಿಸಲು ಹೊರಡುತ್ತಾರೆ. ಮಾರ್ಲಿಸ್ ಕೈಯೆತ್ತಿ ಅವರಿಗೆ ಮುಷ್ಟಿ ತೋರಿಸುತ್ತಾರೆ. ವೇಳೆ ಮುಗಿಯಿತು.

ಮೊದಲು ನಕ್ಕವರು ಬಾಗಿಲ ಕಡೆಯವರು, ಆಮೇಲೆ ಕಿಟಕಿ ಕಡೆಯವರು. ಆ ಗದ್ದಲದಲ್ಲೇ ಅಧ್ಯಕ್ಷರು ಚರ್ಚಾ ತಂಡ ಉಳಿಯಲಿ ಎನ್ನುವವರು ಕೈ ಎತ್ತಿ ಎನ್ನುತ್ತಾರೆ. ಮೂರು ಕೈಗಳು ಮೇಲೇಳುತ್ತವೆ. ನಾಲ್ಕನೆಯದು ಏಳಲು ಸ್ವಲ್ಪ ತಡವಾಗುತ್ತದೆ, ಏಕೆಂದರೆ ರೂಡಿ ಸ್ಟರ್ಲೆ ಮೇಜಿಗೆ ಹಣೆಯೂರಿ, ಕಣ್ಣೀರು ಒರೆಸಿಕೊಳ್ಳುತ್ತ, ಇಡೀ ಸಭೆಯ ನಗೆಗಿಂತ ಜೋರಾಗಿ ನಗುತ್ತಿದ್ದಾರೆ.