ಮಾವನ ದನಿ ಎಷ್ಟು ಕೆಬಿ?

ಕಂಪ್ಯೂಟರಿನ ಪರದೆಯ ಮೂಲೆಯಲ್ಲೊಂದು ಪುಟ್ಟ ಭೂತಗನ್ನಡಿ ಇರುತ್ತದಲ್ಲ, ಅದರ ಹಿಡಿ ಯಾವಾಗಲೂ ಒಂದೇ ಕಡೆಗೆ ವಾಲಿರುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಈಚೆಗೆ ಅದನ್ನೇ ನೋಡುತ್ತ ಕಾಲ ಕಳೆಯುತ್ತಿದ್ದೇನೆ. ಕೈಚೆಲ್ಲಿ ಕುಳಿತವನಿಗೆ ಇಂಥ ಸೂಕ್ಷ್ಮಗಳೆಲ್ಲ ತಾವಾಗಿಯೇ ಕಾಣುತ್ತವೆ. ಜಹೀರಾಬಾದಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು ನಾನು. ಎಂದೋ ಗತಿಸಿದ ರಾಜಮಹಾರಾಜರನ್ನು ಹಿಡಿದು ತಂದು ಹುಡುಗರ ಮುಂದೆ ನಿಲ್ಲಿಸಿದ ಈ ಮಹಾಶಯನಿಗೆ, ಸ್ವಂತ ಅಕ್ಕನ ಗಂಡ ಮೇಜಿನ ಮೇಲಿನ ಒಂದು ಪೆಟ್ಟಿಗೆಯೊಳಗೆ ಸಿಗುತ್ತಿಲ್ಲ.

ಅಕ್ಕ ಇರುವುದು ಕಂಗ್ಟಿಯ ಪಕ್ಕದ ಹಳ್ಳಿಯಲ್ಲಿ. ಅವಳ ಗಂಡ, ನಮ್ಮ ಕಡೆಯ ರೂಢಿಯಂತೆ ನನಗೆ ಮಾವ, ಜೀವಮಾನವೆಲ್ಲ ಕುರಿಗಳ ಹಿಂದೆ ನಡೆದವರು. ಮನುಷ್ಯರೊಡನೆ ಅವರದು ಮಿತಭಾಷೆ; ಕುರಿಗಳೊಡನೆ ಏನು ಮಾತಾಡುತ್ತಿದ್ದರೋ ಕುರಿಗಳೇ ಹೇಳಬೇಕು. ಹೋದ ವರ್ಷ ಅವರು ತೀರಿಕೊಂಡರು. ಜೋಳದ ರಾಶಿ ಮುಗಿದ ಮೇಲೆ ಅಕ್ಕ ನಮ್ಮ ಮನೆಗೆ ಬಂದವಳು, ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದು ಕುಡಿಯದೆ ಕುಳಿತು, ಒಂದೇ ಮಾತು ಕೇಳಿದಳು.

"ಅವರ ಮಾರಿ ಗ್ವಾಡಿ ಮ್ಯಾಲಿನ ಫೋಟೋದಾಗ ಅದ ತಮ್ಮಾ. ದನಿ ಮರ್ತು ಹೊಂಟದ. ನೀ ಒಮ್ಮೆ ಅವರ ಮಾತು ಪೆಟಗಿನಾಗ ಹಿಡ್ದಿದ್ದಿ ನೋಡು, ಅದು ನಂಗ ಕೇಳಸು."

ಹಿಡಿದದ್ದು ನಿಜ. ನಿವೃತ್ತಿಯ ಹೊಸತರಲ್ಲಿ, ಮಾಡಲು ಕೆಲಸವಿಲ್ಲದ ಪಂಡಿತರೆಲ್ಲರಿಗೂ ಬರುವ ಬೇನೆ ನನಗೂ ಬಂದು, ಕುರಿಗಾರರ ನುಡಿಸಂಪತ್ತನ್ನು ಸಂಗ್ರಹಿಸಿ ನಾಡಿಗೆ ಅರ್ಪಿಸುತ್ತೇನೆಂದು ಹೊರಟಿದ್ದೆ. ಮಾವನನ್ನು ಮೈಕಿನ ಮುಂದೆ ಕೂಡಿಸಿ, ಕಿವಿ ನೋಡಿ ಬಣ್ಣ ನೋಡಿ ಕುರಿಗೆ ಹೆಸರಿಡುವ ಬಗೆಯನ್ನು ಕೇಳಿದ್ದೆ. ನಾಡಿಗೆ ಅದು ಅರ್ಪಿತವಾಗಲಿಲ್ಲ. ಯಂತ್ರ ತಾನೇ ಕೊಟ್ಟ ಯಾವುದೋ ಅನಾಮಧೇಯ ಹೆಸರಿನಲ್ಲಿ ಎಲ್ಲೋ ಹೋಗಿ ಕುಳಿತಿತು.

ಹುಡುಕಲೆಂದೇ ಒಂದು ತಂತ್ರಾಂಶ ಸಿಗುತ್ತದೆಂದು ತಿಳಿದು ಅದನ್ನು ಇಳಿಸಿಕೊಂಡೆ. ಅದರ ವೈಭವವೇನು ಹೇಳಲಿ! ಬಗೆ, ಗಾತ್ರ, ದಿನಾಂಕ, ಹೆಸರು, ಎಲ್ಲಕ್ಕೂ ಒಂದೊಂದು ಫಿಲ್ಟರ್. ಬೇಡವಾದ ಪದದ ಮೊದಲಿಗೆ ಒಂದು ಅಡ್ಡಗೀಟು ಹಾಕಿದರೆ ಆ ಪದವಿದ್ದದ್ದೆಲ್ಲ ತೊಲಗುತ್ತದೆ. ನೆನಪಿಲ್ಲದ ಅಕ್ಷರಗಳ ಜಾಗದಲ್ಲಿ ಒಂದು ನಕ್ಷತ್ರ ಇಟ್ಟರೆ ಸಾಕು, ಮಿಕ್ಕದ್ದನ್ನು ಅದೇ ಊಹಿಸಿಕೊಳ್ಳುತ್ತದೆ. ನಾನು ಉದಾರವಾಗಿ ನಕ್ಷತ್ರಗಳನ್ನು ಚೆಲ್ಲಿದೆ. ಬರೀ ಧ್ವನಿಯ ಕಡತಗಳು ಸಾಕು ಎಂದೆ. ಭಜನೆಗಳು, ಫೋನಿನ ಗಂಟೆಗಳು, ಯಾರದೋ ಮದುವೆಯ ಬ್ಯಾಂಡು, ಎಲ್ಲ ಒಟ್ಟಿಗೆ ಮೇಲೆದ್ದು ಬಂದವು.

ದಿನಾಂಕ ಹಾಕಿ ಸೋಸೋಣವೆಂದರೆ ಅಲ್ಲೊಂದು ಅನಾಹುತ ಕಾದಿತ್ತು. ನನ್ನ ಕಂಪ್ಯೂಟರಿನೊಳಗೆ ಕೈಗಡಿಯಾರಕ್ಕೆ ಹಾಕುವಂಥ ಒಂದು ಸಣ್ಣ ಸೆಲ್ ಇದೆ; ಕಾಲವನ್ನು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಅದು ಸತ್ತು ಯಾವುದೋ ಕಾಲವಾಗಿದೆ. ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರದ ಗಡಿಯಾರ ಅದೇ ಹಳೆಯ ಒಂದು ಜನವರಿ ಒಂದಕ್ಕೆ ಹಿಂತಿರುಗಿ ನಿಲ್ಲುತ್ತದೆ. ನಮ್ಮ ಊರಿನಲ್ಲಿ ಕರೆಂಟು ಹೋಗುವುದೂ ಬರುವುದೂ ಉಸಿರಾಟದಷ್ಟೇ ಸಹಜವಾದ್ದರಿಂದ, ನನ್ನ ಕಡತಗಳೆಲ್ಲ ಆ ಒಂದೇ ದಿನ ಹುಟ್ಟಿದಂತೆ ದಾಖಲಾಗಿವೆ. ನನ್ನ ಬೀಳ್ಕೊಡುಗೆಯ ಭಾಷಣ, ಮೊಮ್ಮಗಳ ತೊಟ್ಟಿಲು, ಹೆಂಡತಿಯ ಉಪ್ಪಿನಕಾಯಿಯ ಅಳತೆ, ಎಲ್ಲವೂ ಒಂದೇ ಜನವರಿ ಒಂದರಂದು! ಇಸವಿ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟರ ಬದುಕಿಗೆ ಈಗ ಇಸವಿಯೇ ಇಲ್ಲ.

ಉಳಿದದ್ದು ಗಾತ್ರ. ಇಷ್ಟು ಕೆಬಿಗಿಂತ ಹೆಚ್ಚು, ಇಷ್ಟಕ್ಕಿಂತ ಕಡಿಮೆ ಎಂದು ತುಂಬಲು ಎರಡು ಖಾಲಿ ಮನೆಗಳು. ಮಾವನ ದನಿ ಎಷ್ಟು ಕೆಬಿ ಇದ್ದೀತು? ಒಂದು ಪ್ರಶ್ನೆ ಕೇಳಿದರೆ ಕಿಟಕಿಯಾಚೆ ನೋಡಿ, ಟೋಪಿ ಸರಿಮಾಡಿಕೊಂಡು, ಆಮೇಲೆ "ಹೂಂ" ಎನ್ನುತ್ತಿದ್ದ ಮನುಷ್ಯ. ಆ ಮೌನಕ್ಕೂ ಯಂತ್ರ ಜಾಗ ಕೊಟ್ಟಿರುತ್ತದೆಯೋ ಇಲ್ಲವೋ ನನಗೆ ತಿಳಿಯದು. ಅಕ್ಕ ಮೊರ ಹಿಡಿದು ತೊಗರಿ ಕೇರಿದರೆ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ನಾನು ಕೇರಿದಂತೆಲ್ಲ ಹೊಟ್ಟೇ ಉಳಿಯಿತು. ಹೊಟ್ಟೆಂದರೆ ನನ್ನದೇ ಧ್ವನಿ. ಸ್ವಾಗತ ಭಾಷಣ, ವಂದನಾರ್ಪಣೆ, ಉದ್ಘಾಟನೆಗೆ ಮೊದಲು ಮಾಡಿಕೊಂಡ ತಾಲೀಮು. ಕೊಠಡಿಯ ತುಂಬ ನಾನೇ ನನಗೆ ಸ್ವಾಗತ ಕೋರುತ್ತಿದ್ದೆ. ಅಡುಗೆಮನೆಯಿಂದ ಹೆಂಡತಿ, "ಸಾಕ್ ಮಾಡ್ರಿ, ಯಾರ್ ಬಂದಾರಂತ ಹಾರ ಹಾಕಾಕತ್ತೀರಿ?" ಎಂದಳು. ಉಸಿರು ಬಿಡದೆ ಮಾತಾಡಿದ ನನ್ನ ಪ್ರತಿ ಶಬ್ದವೂ ಭದ್ರವಾಗಿದೆ, ತೂಗಿ ಮಾತಾಡಿದವನ ಒಂದು ಶಬ್ದವೂ ಇಲ್ಲ. ಇದು ಎಂಥ ನ್ಯಾಯ ಎಂದು ಸಿಟ್ಟು ಬಂತು, ಆಮೇಲೆ ಅಳು ಬಂತು.

ಫಿಲ್ಟರುಗಳನ್ನೆಲ್ಲ ತೆಗೆದುಹಾಕಿ, ಒಂದೊಂದೇ ಕಡತ ತೆರೆದು ಕೇಳುತ್ತ ಹೋದೆ. ಕೊನೆಯದನ್ನೂ ಕೇಳಿ ಮುಗಿಸಿದೆ. ಮಾವ ಎಲ್ಲೂ ಇರಲಿಲ್ಲ. ಒಂದೇ ಒಂದು ಕಡೆ, ನನ್ನ ವಂದನಾರ್ಪಣೆ ಮುಗಿದ ಮೇಲೆ, ಯಾರೋ ಕೆಮ್ಮಿದ್ದು ಕೇಳಿಸಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಆ ಕೆಮ್ಮನ್ನು ಜೋಪಾನವಾಗಿ ಬೇರೆ ಎತ್ತಿಟ್ಟೆ.

ಅಕ್ಕ ಮತ್ತೆ ಬಂದಳು. ಕಂಗ್ಟಿಯಿಂದ ನಾರಾಯಣಖೇಡಕ್ಕೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. ತಲೆತುಂಬ ಸೆರಗು ಹೊದ್ದು, ಗುಡಿಯಲ್ಲಿ ಕೂಡುವ ಹಾಗೆ ಪರದೆಯ ಎದುರು ಕುಳಿತಳು. ಕೆಮ್ಮನ್ನು ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿ, ಮತ್ತೊಮ್ಮೆ ಹಚ್ಚು ಎಂದು ಕೈಸನ್ನೆ ಮಾಡಿ, ಮತ್ತೂ ಕೇಳಿದಳು.

"ಇದು ನಿಂದೇ ಅದ ತಮ್ಮಾ. ಅವರು ಹಿಂಗ ಕೆಮ್ಮತಿದ್ದಿಲ್ಲ. ಮದ್ಲ ಗಂಟಲ ಸರಿ ಮಾಡ್ಕೋತಿದ್ರು, ಆಮ್ಯಾಲ ಕೆಮ್ಮತಿದ್ರು."

ದನಿ ಮರೆತೆನೆಂದು ಬಂದವಳಿಗೆ ಕೆಮ್ಮಿನ ಮುಂಚಿನ ಸಣ್ಣ ಸದ್ದು ಕೂಡ ನೆನಪಿತ್ತು. ಯಾವುದು ಅವರದಲ್ಲ ಎಂಬುದು ಅವಳಿಗೆ ಇಷ್ಟು ಖಚಿತವಾಗಿ ಗೊತ್ತಿರುವಾಗ, ಅವರದು ಯಾವುದು ಎಂಬುದು ಒಳಗೆಲ್ಲೋ ಇದ್ದೇ ಇರಬೇಕೆಂದು ನನಗನ್ನಿಸಿತು. ಆದರೆ ಅದನ್ನು ಅವಳಿಗೆ ತೆಗೆದುಕೊಡುವ ವಿದ್ಯೆ ನನ್ನಲ್ಲಿಲ್ಲ, ಈ ಯಂತ್ರದಲ್ಲೂ ಇಲ್ಲ.

"ಇನ್ನೊಮ್ಮೆ ಹುಡಕು, ನನ್ನ ಮುಂದ ಹುಡಕು," ಎಂದಳು. ಮಾವನ ಹೆಸರು ಹಾಕಿ ಗುಂಡಿ ಒತ್ತಿದೆ. ಪರದೆ ಬೆಳ್ಳಗಾಗಿ, ನಡುವೆ ಇಂಗ್ಲಿಷಿನ ಒಂದು ಸಾಲು ಮೂಡಿತು: ನೀವು ಹುಡುಕಿದ್ದು ಯಾವುದೂ ಸಿಗಲಿಲ್ಲ. ಅಕ್ಕನಿಗೆ ಇಂಗ್ಲಿಷು ಓದಲು ಬರುವುದಿಲ್ಲ.

"ಏನ್ ಅಂತದ ಅದು?"

"ಇನ್ನಾ ಹುಡಕಾಕತ್ತದ ಅಕ್ಕಾ," ಎಂದೆ.

"ಹುಡಕಲಿ ಬಿಡು," ಎಂದು ಅಕ್ಕ ಗೋಡೆಗೆ ಒರಗಿ ಕಾಲು ನೀಡಿದಳು. "ನಂಗೇನ್ ಅವಸರ ಇಲ್ಲ. ಕುರಿ ಹೊಡ್ಕೊಂಡ್ ಹ್ವಾದ್ರಂದ್ರ ಅವರು ಎಂದೂ ಹೊತ್ತಿಗಿ ಬಂದವರಲ್ಲ."

ನಾನು ಮತ್ತೆ ಗುಂಡಿ ಒತ್ತಿದೆ.