ಬಸ್ಸಿನ ಮುಖಂಡ

ಸಿರುಗುಪ್ಪದ ಕಾಲೇಜಿನಲ್ಲಿ ಪರೀಕ್ಷೆ ಕೆಲಸಕ್ಕೆ ಹೊರಟಿದ್ದೆ. ಬಳ್ಳಾರಿ ದಾಟಿದ ಮೇಲೆ ನಮ್ಮ ಬಸ್ಸು ಕೆಟ್ಟು ನಿಂತಿತು. ಬಿಸಿಲಲ್ಲಿ ನಿಂತ ನಮ್ಮನ್ನು ನೋಡಿಯೂ ನೋಡದಂತೆ ಬೇರೆ ಬಸ್ಸುಗಳು ಹೋಗುತ್ತಿದ್ದವು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಡೆಗೆ ರಸ್ತೆಗಿಳಿದು ಒಂದನ್ನು ಅಡ್ಡಗಟ್ಟಿದೆ. ಕಂಡಕ್ಟರನ ಜೊತೆ ಜಗಳವಾಡಿ ಎಲ್ಲರನ್ನೂ ಹತ್ತಿಸಿದೆ.

"ನೀವ ನಮ್ ಮುಖಂಡ್ರು ನೋಡ್ರಿ," ಎನ್ನುತ್ತ ಹಿರಿಯರೊಬ್ಬರು ಸರಿದು ಸೀಟಿನಲ್ಲಿ ಜಾಗ ಕೊಟ್ಟರು.

ತೆಕ್ಕಲಕೋಟೆಯಲ್ಲಿ ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ಕೈ ಮಾಡಿದಳು. "ನಿಲ್ಲಿಸಬ್ಯಾಡ್ರಿ, ಜಾಗ ಇಲ್ಲ!" ಎಂದು ನಮ್ಮವರೆಲ್ಲ ಕೂಗಿದರು. ಹಿರಿಯರು ನನ್ನತ್ತ ತಿರುಗಿ, "ನೀವ ಹೇಳ್ರಿ ಸರ, ಕಂಡಕ್ಟರ ನಿಮ್ ಮಾತು ಕೇಳ್ತಾನ," ಎಂದರು.

ನಾನು ಎದ್ದು, "ನಿಲ್ಲಿಸ್ರಿ, ಆಕಿ ನನ್ನ ಜಾಗದಾಗ ಕುಂದರ್ಲಿ," ಎಂದೆ.

"ಇಂವ ಯಾರಲೇ ನಮಗ ಹೇಳಾಕ?" ಹಿಂದಿನಿಂದ ಯಾರೋ ಗದರಿದರು. ಹಿರಿಯರು ಕಿಟಕಿಯತ್ತ ಮುಖ ತಿರುಗಿಸಿದರು.

ಅಂತೂ ಬಸ್ಸು ನಿಂತಿತು. ಆಕೆ ಹತ್ತಿ ಕೂತಳು, ನಾನು ಕಂಬಿ ಹಿಡಿದು ನಿಂತೆ.

ಮುಂದಿನ ಊರಲ್ಲಿ ಇನ್ನಿಬ್ಬರು ಕೈ ಅಡ್ಡ ಹಿಡಿದರು. ನಾನು ಬಾಯಿ ತೆರೆಯುವ ಮೊದಲೇ ಕೂಸಿನ ತಾಯಿ ಕಿಟಕಿಯಿಂದ ಬಗ್ಗಿ, "ಜಾಗ ಇಲ್ಲರಿ, ಹಿಂದಿನ ಬಸ್ಸಿಗೆ ಬರ್ರಿ!" ಎಂದು ಕೂಗಿದಳು. ಇಡೀ ಬಸ್ಸು ಆಕೆಗೆ ದನಿಗೂಡಿಸಿತು. ನಮಗೆ ಹೊಸ ಮುಖಂಡರು ಸಿಕ್ಕಿದ್ದರು.